ಕಲಬುರಗಿಯ ನಮ್ಮ ಬಡಾವಣೆಯಲ್ಲಿ ರಾತ್ರಿ ಕಳ್ಳತನ ಜಾಸ್ತಿ ಆಗಿದೆ. ಪೊಲೀಸರ ಜೊತೆ ಸೇರಿ ಏನು ಮಾಡಬಹುದು?

ಬೈಕಿನ ಪೆಟ್ರೋಲ್ ಕದಿಯುತ್ತಾರೆ, ಠಾಣೆಗೆ ಹೇಳಿದರೂ ಏನೂ ಆಗಿಲ್ಲ, ಸಮಿತಿ ಮಾಡಿದರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನನ್ನ ಮನೆ ಸೇಡಂ ರಸ್ತೆ ಕಡೆ. ನಮ್ಮ ಓಣಿಯಲ್ಲೂ ಇದೇ ಗೋಳು ಇತ್ತು. ಸಮಿತಿ ಆಮೇಲೆ ಮಾಡಿ. ಮೊದಲು ನಿಮ್ಮ ಬೀಟ್ ಪೊಲೀಸ್, ಅಂದರೆ ನಿಮ್ಮ ಓಣಿಯ ಗಸ್ತಿನ ಹೊಣೆ ಇರುವವರು, ಯಾರು ಅಂತ ತಿಳಿದುಕೊಳ್ಳಿ.

ನಾವು ಇಪ್ಪತ್ತು ಜನ ಒಟ್ಟಿಗೆ ಠಾಣೆಗೆ ಹೋಗಿ ಜೋರಾಗಿ ಮಾತಾಡಿದ್ದೆವು. ಪಿಎಸ್‌ಐ ಪೂರ್ತಿ ಕೇಳಿ, "ಆಯ್ತ್ರಿ, ಬರೆದು ಕೊಡೋರು ಯಾರು?" ಎಂದರು. ಎಲ್ಲರೂ ಪಕ್ಕದವರ ಮುಖ ನೋಡಿದೆವು. ಒಂದು ಲೀಟರ್ ಪೆಟ್ರೋಲಿಗೆ ಕೋರ್ಟು ಕಚೇರಿ ಅಲೆಯೋರು ಯಾರು, ಅಲ್ವಾ? ಹೊರಗೆ ಬಂದು ಚಹಾ ಕುಡಿದು ಮನೆಗೆ ಹೋದೆವು.

ಬೇಸಿಗೆಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ನಮ್ಮೂರ ಏಪ್ರಿಲ್, ಮೇ ಬಿಸಿಲಿಗೆ ರಾತ್ರಿ ಕೆಳಗೆ ಮಲಗೋಕೆ ಆಗುತ್ತಾ? ಇಡೀ ಓಣಿ ಮಾಳಿಗೆ ಮೇಲೆ. ಒಂದು ಮನೆಯವರು ಕೆಳಗಿನ ಬಾಗಿಲಿಗೆ ಬರೀ ಚಿಲಕ ಹಾಕಿ ಮಲಗಿದ್ದರು. ಬೆಳಗ್ಗೆ ಎರಡು ಮೊಬೈಲ್, ಮಗಳ ಬೆಳ್ಳಿ ಗೆಜ್ಜೆ ಮಾಯ. ಅವರು ಬರೆದು ಕೊಟ್ಟರು, ಎಫ್‌ಐಆರ್ ಆಯಿತು. (ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಲೇಬೇಕು, ಕೇಳಿ ತೆಗೆದುಕೊಳ್ಳಿ.) ಮರುದಿನ ಬೀಟ್ ಕಾನ್‌ಸ್ಟೇಬಲ್ ಬಂದರು. ರಾಜ್ಯದಲ್ಲಿ 2017ರಲ್ಲಿ ಹೊಸ ಬೀಟ್ ಪದ್ಧತಿ ಬಂದಾಗಿನಿಂದ ಒಂದೊಂದು ಬೀಟಿಗೂ ಒಬ್ಬೊಬ್ಬರು ಜವಾಬ್ದಾರರು. ನಮ್ಮಲ್ಲಿ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ.

"ಕಳ್ಳರು ಬರ್ತಾರ ಅಂದ್ರ ಆಗಲ್ರಿ ಅಣ್ಣಾರ. ಯಾವ ರಾತ್ರಿ, ಎಷ್ಟಕ್ಕ, ಯಾವ ಮೂಲ್ಯಾಗ, ಅದು ಹೇಳ್ರಿ" ಎಂದರು. ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕದ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟೆವು. ಮೂರು ವಾರ ಬರೆದೆವು. ಅದನ್ನು ಓದಿಸಿಕೊಂಡು ವಿಷಯ ಹಿಡಿದವರು ಅಂಗಡಿಯವರ ತಾಯಿ: ನಳ ಬಿಡುವ ರಾತ್ರಿ ಒಂದೂ ಕಳ್ಳತನ ಇಲ್ಲ! ನಮಗೆ ನೀರು ನಾಲ್ಕೈದು ದಿನಕ್ಕೊಮ್ಮೆ, ಅದೂ ಸರಿರಾತ್ರಿಯಲ್ಲಿ. ಅವತ್ತು ಕೊಡ, ಮೋಟರ್, ಜಗಳ ಅಂತ ಓಣಿಗೆ ಓಣಿಯೇ ಎಚ್ಚರ ಇರುತ್ತದೆ. ಉಳಿದ ದಿನ ಎರಡರಿಂದ ನಾಲ್ಕು ಗಂಟೆವರೆಗೆ ಕೇಳೋರಿಲ್ಲ. ಗಸ್ತಿನ ಬೈಕ್ ಆ ಹೊತ್ತಿಗೇ ಬರತೊಡಗಿತು.

ಅಂಗಡಿಯ ಕ್ಯಾಮೆರಾ ತನ್ನ ಮೆಟ್ಟಿಲನ್ನಷ್ಟೇ ಕಾಯುತ್ತಿತ್ತು. ಮೂಲೆಯ ಕಡೆ ತಿರುಗಿಸಿದೆವು. ಅದರ ಟೈಮ್ ನಲವತ್ತು ನಿಮಿಷ ಹಿಂದಿತ್ತು, ಅದನ್ನು ನೋಡಿ ಸರಿ ಮಾಡಿಸಿದ್ದೂ ಕಾನ್‌ಸ್ಟೇಬಲ್ಲೇ. ನಿಮ್ಮಲ್ಲಿ ಕ್ಯಾಮೆರಾ ಇದ್ದರೆ ಇವತ್ತೇ ಟೈಮ್ ನೋಡಿ. ಹಳೆಯ ವಿಡಿಯೋ ತಾನಾಗಿ ಅಳಿಸಿಹೋಗುತ್ತದೆ, ಏನಾದರೂ ಆದರೆ ಆವತ್ತೇ ತೆಗೆದಿಡಿ.

ಕೊನೆಗೆ ಸಿಕ್ಕಿಬಿದ್ದವರು ಇಬ್ಬರು, ಪಕ್ಕದ ಓಣಿಯವರೇ. ಒಂದು ಮೊಬೈಲ್ ಸಿಕ್ಕಿತು, ಗೆಜ್ಜೆ ಸಿಗಲಿಲ್ಲ. ಅಲ್ಲಿಯವರೆಗೆ ನಮ್ಮವರೆಲ್ಲ ಕಟ್ಟಡ ಕೆಲಸದವರ ಟೆಂಟುಗಳ ಕಡೆ ಬೆರಳು ತೋರಿಸುತ್ತಿದ್ದರು. ಬಡಿಗೆ ಹಿಡಿದು ಅಲ್ಲಿಗೆ ಹೊರಟವರೂ ಇದ್ದರು, ನಾವು ಕೆಲವರು ತಡೆದೆವು. ನಮ್ಮ ಜಿಲ್ಲೆಯ ಜನವೇ ಪುಣೆ, ಮುಂಬೈಗೆ ಗುಳೆ ಹೋಗಿ ಅಂಥದ್ದೇ ಟೆಂಟಲ್ಲಿ ಇರುತ್ತಾರೆ, ಅದು ಯಾರಿಗೂ ನೆನಪಾಗಲಿಲ್ಲ. ಹಿಡಿದು ಹೊಡೆಯೋ ಕೆಲಸಕ್ಕೆ ದಯವಿಟ್ಟು ಇಳಿಯಬೇಡಿ. ಯಾರಾದರೂ ಕಂಡರೆ 112ಕ್ಕೆ ಫೋನ್ ಮಾಡಿ, ದೂರದಿಂದ ನೋಡುತ್ತಿರಿ. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗಲೂ ಬೀಟಿನವರಿಗೆ ಒಂದು ಮಾತು ಹೇಳಿ ಹೋಗಿ.

ಬೀದಿದೀಪ, ಖಾಲಿ ಸೈಟಿನ ಜಾಲಿ ಕಂಟಿ ಇವೆಲ್ಲ ಪೊಲೀಸರ ಕೈಯಲ್ಲಿಲ್ಲ. ದೀಪಕ್ಕೆ ಅರ್ಜಿ ಹಿಡಿದು ನಾಲ್ಕು ಸಲ ಅಲೆದೆವು. ಸೈಟಿನ ಮಾಲೀಕರು ಇರೋದು ಹೈದರಾಬಾದಿನಲ್ಲಿ. ಫೋನಿನಲ್ಲೇ ಒಪ್ಪಿಸಿ, ನಾವೇ ಪಟ್ಟಿ (ಚಂದಾ) ಎತ್ತಿ ಜೆಸಿಬಿ ತರಿಸಿದೆವು.

ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ನಿಯಮ ಇದೆ. ನಮ್ಮಲ್ಲಿ ಬೀಟಿನವರು ಬಂದಾಗ ಡಿಜೆ ಬಂದ್ ಆಗುತ್ತದೆ, ಅವರ ಬೈಕ್ ತಿರುವು ದಾಟಿದ ಕೂಡಲೇ ಮತ್ತೆ ಶುರು. ಹಾಕಿಸುವವರೂ ಆ ನೋಟ್‌ಬುಕ್ ಬರೆದವರೇ.