ಒಂದೇ ಕೊಂಬಿನ ಜಿಂಕೆ? ಗಾಬರಿ ಬೇಡ
ಜನವರೀಲಿ ಅಮೆರಿಕದ ಮಿಷಿಗನ್ ಮನೆ ಹಿತ್ತಲಿಗೆ ಒಂದೇ ಕೊಂಬಿನ ವೈಟ್‌ಟೇಲ್ (ಬಿಳಿ ಬಾಲದ) ಗಂಡು ಜಿಂಕೆ ಬಂದಿತ್ತು, ಯಾರಾದ್ರೂ ಹೊಡೆದಿರ್ಬೋದಾ ಅಂತ ಕೇಳಿದೀರಲ್ಲ, ಹಾಗೇನಿಲ್ಲ ಸರ್, ಕೊಂಬು ಉದುರೋ ಟೈಮೇ ಇದು. ನವೆಂಬರ್ ಆಸುಪಾಸಿನ ಬೆದೆ ಕಾಲ ಮುಗಿದ್ಮೇಲೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಇಳಿಯುತ್ತೆ, ಆಗ ಕೊಂಬು ತಲೆಬುರುಡೆಗೆ ಕೂಡೋ ಜಾಗದಲ್ಲಿ ಮೂಳೆ ತಾನಾಗೇ ಕರಗಿ ಸಡಿಲ ಆಗುತ್ತೆ, ಆಮೇಲೆ ಬೇಲಿ ಹಾರಿದ್ರೂ ಸಾಕು ಟಪ್ ಅಂತ ಬಿದ್ದೋಗುತ್ತೆ. ಎರಡೂ ಒಟ್ಟಿಗೇ ಬೀಳ್ಬೇಕು ಅಂತೇನಿಲ್ಲ. ಡಿಸೆಂಬರಿಂದ ಮಾರ್ಚ್‌ವರೆಗೂ ಇದು ನಡೀತಿರುತ್ತೆ, ಸೊರಗಿರೋವು, ಪೆಟ್ಟಾಗಿರೋವು ಸ್ವಲ್ಪ ಬೇಗನೇ ಉದುರಿಸ್ತವೆ. ಬಿದ್ದ ಜಾಗ ಹಸಿ ಗಾಯದ ಥರ ಕೆಂಪಗೆ ಕಾಣುತ್ತೆ, ನಿಮಗೆ ಡೌಟ್ ಬಂದಿದ್ದೂ ಅದಕ್ಕೇ ಇರ್ಬೇಕು, ಬೇಗ ಹಕ್ಕಳೆ ಕಟ್ಟಿ ಏಪ್ರಿಲ್ ಹೊತ್ತಿಗೆ ಹೊಸದು ಚಿಗುರುತ್ತೆ. ಬಿದ್ದ ಕೊಂಬು ಬೇಕಿದ್ರೆ ಈಗ್ಲೇ ಹುಡುಕಿ, ಲೇಟಾದ್ರೆ ಅಳಿಲು ಇಲಿ ಎಲ್ಲ ಕ್ಯಾಲ್ಸಿಯಂಗೋಸ್ಕರ ಕಡಿದು ಹಾಕ್ತವೆ.