ಹಣ್ಣಿನ ರಸದಲ್ಲಿ ಪ್ರೊಬಯಾಟಿಕ್ ಬದುಕೀತೇ?

ಪ್ರಶ್ನೆ: ನಾನು ಆಹಾರ ವಿಜ್ಞಾನದ ವಿದ್ಯಾರ್ಥಿನಿ. ಹಾಲು ಒಗ್ಗದವರಿಗಾಗಿ ಹಣ್ಣಿನ ರಸದ ಪ್ರೊಬಯಾಟಿಕ್ ಪೇಯ ತಯಾರಿಸಬೇಕೆಂದಿದ್ದೇನೆ. ರಸಕ್ಕೆ ಬ್ಯಾಕ್ಟೀರಿಯಾದ ಪುಡಿ ಬೆರೆಸಿದರೆ ಸಾಲದೇ?

ಉತ್ತರ: ಬೆರೆಸುವುದು ನಿಮಿಷದ ಕೆಲಸ; ಬಳಕೆಯ ಅವಧಿಯ ಕೊನೆಯ ದಿನದವರೆಗೆ ಅವನ್ನು ಜೀವಂತವಾಗಿ ಉಳಿಸುವುದೇ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನವಾಗುವ ಸಜೀವ ಸೂಕ್ಷ್ಮಜೀವಿಗಳಿಗಷ್ಟೇ ಪ್ರೊಬಯಾಟಿಕ್ ಎಂಬ ಹೆಸರು ಸಲ್ಲುತ್ತದೆ. ಹುದುಗಿಸಿದ ಆಹಾರವೆಲ್ಲ ಪ್ರೊಬಯಾಟಿಕ್ ಎಂದು ಜಾಹೀರಾತುಗಳು ಹೇಳುವುದನ್ನು ನಂಬಬೇಡಿ.

ಹಾಲಿನ ಪ್ರೋಟೀನು ಆಮ್ಲದ ಪೆಟ್ಟನ್ನು ಒಂದಷ್ಟು ತಾನೇ ತಡೆದುಕೊಳ್ಳುತ್ತದೆ. ಹಣ್ಣಿನ ರಸದಲ್ಲಿ ಆ ಆಸರೆಯಿಲ್ಲ. ಹಲವು ರಸಗಳ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 3ರಿಂದ 4ರ ನಡುವೆ ಇರುತ್ತದೆ, ಸಾಲದ್ದಕ್ಕೆ ಅದರಲ್ಲಿ ಕರಗಿದ ಆಮ್ಲಜನಕವೂ ಇರುತ್ತದೆ. ಪ್ರೊಬಯಾಟಿಕ್ ಆಗಿ ಬಳಸುವ ಕರುಳಿನ ಜೀವಾಣುಗಳಾದ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಇವೆರಡೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಆದ್ದರಿಂದ ಮೊದಲು ಆಮ್ಲ ತಾಳಬಲ್ಲ ತಳಿಯನ್ನು ಹುಡುಕಿ. ಸ್ವೀಡನ್ನಿನಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದ ಹಣ್ಣಿನ ಪೇಯವೊಂದಕ್ಕೆ ಪ್ಲಾಂಟಾರಮ್ 299ವಿ ಎಂಬ ತಳಿಯನ್ನು ಬಳಸಿದ್ದರು. ಅದನ್ನು ನೇರವಾಗಿ ರಸಕ್ಕೆ ಸುರಿಯದೆ, ಮೊದಲು ಓಟ್ಸ್ ಗಂಜಿಯಲ್ಲಿ ಬೆಳೆಸಿ, ಆ ಗಂಜಿಯನ್ನು ಪೇಯಕ್ಕೆ ಸೇರಿಸಿದ್ದರು. ನನಗೆ ಅದು ಇಂದಿಗೂ ಜಾಣ ಉಪಾಯವೆನಿಸುತ್ತದೆ. ಬೈಫಿಡೋಬ್ಯಾಕ್ಟೀರಿಯಾವೇ ಬೇಕೆಂದಾದರೆ ಸೋಯಾ ಹಾಲನ್ನು ಪರಿಗಣಿಸಿ. ಅದರಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳನ್ನು ನಮ್ಮ ಕರುಳು ಜೀರ್ಣಿಸಲಾರದಾದರೂ ಆ ಜೀವಾಣುಗಳಲ್ಲಿ ಹಲವು ಬಳಸಿಕೊಳ್ಳುತ್ತವೆ.

ಇನ್ನೊಂದು ದಾರಿ ಕವಚ ತೊಡಿಸುವುದು. ಜೀವಾಣು ಬೆರೆಸಿದ ಸೋಡಿಯಂ ಆಲ್ಜಿನೇಟ್ (ಕಡಲ ಪಾಚಿಯಿಂದ ತೆಗೆದ ಅಂಟು ಪದಾರ್ಥ) ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಮೆತ್ತನೆಯ ಮಣಿಯಾಗಿ ಗಟ್ಟಿಯಾಗುತ್ತದೆ. ಆದರೆ ಮಣಿ ದೊಡ್ಡದಾದರೆ ನಾಲಗೆಗೆ ಮರಳಿನಂತೆ ತಾಗುತ್ತದೆ, ತೀರಾ ಸಣ್ಣದಾದರೆ ರಕ್ಷಣೆ ಕುಗ್ಗುತ್ತದೆ. ರಸವನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣ ಮುಗಿದು ರಸ ತಣ್ಣಗಾದ ಮೇಲೆಯೇ ಜೀವಾಣುಗಳನ್ನು ಸೇರಿಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ರುಚಿ, ಬಣ್ಣಗಳ ಗೊಡವೆಗೆ ಹೋಗುವ ಮೊದಲು ಎಣಿಕೆ ಮಾಡಿ. ಮಿಲಿಲೀಟರಿಗೆ ಕನಿಷ್ಠ 10 ಲಕ್ಷ ಜೀವಂತ ಕೋಶಗಳಿರಬೇಕೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಗುರಿ. ನೀವು 1 ಕೋಟಿಯಿಂದ ಆರಂಭಿಸಿ, ಶೈತ್ಯದಲ್ಲಿಟ್ಟ ನಾಲ್ಕು ವಾರಗಳಲ್ಲಿ ಅವು ನೂರು ಪಟ್ಟು ಇಳಿದರೆ ಉಳಿಯುವುದು 1 ಲಕ್ಷ ಮಾತ್ರ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಬಾಟಲಿಗಳಿಂದ ವಾರಕ್ಕೊಮ್ಮೆ ಮಾದರಿ ತೆಗೆದು ಎಣಿಸಿ, ಪಿಎಚ್ ಇಳಿಕೆಯನ್ನೂ ಅದೇ ಪುಟದಲ್ಲಿ ಬರೆದಿಡಿ. ಆಮೇಲಷ್ಟೇ ತಳಿ ಬದಲಿಸಬೇಕೋ ರಸ ಬದಲಿಸಬೇಕೋ ತೀರ್ಮಾನಿಸಬಹುದು.