ಸಂಪಾದಕರ ಉತ್ತರ: ಬೀಟ್‌ರೂಟ್ ಸಾರಿನ ಸೀಮೆಯ ನಗೆ

ಮಾನ್ಯರೆ,

ಅಮೆರಿಕದ ಹಾಸ್ಯವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಹೊಟ್ಟೆ ತುಂಬ ಉಂಡವರ ಕಾಲಕ್ಷೇಪಕ್ಕೆಂದು ಯಹೂದಿ ಹೋಟೆಲುಗಳು ಏರ್ಪಡಿಸುತ್ತಿದ್ದ ಮನರಂಜನೆಯನ್ನು ‘ಕಲೆಯ ಪಾಠಶಾಲೆ’ ಎಂದದ್ದು ಅತಿಯಾಯಿತೆಂದು ಬರೆದಿದ್ದೀರಿ. ಆ ಹೋಟೆಲುಗಳನ್ನು ಮುಗಿಸಿದ್ದು ಟಿ.ವಿ.ಯೇ ಅಲ್ಲವೆ ಎಂದೂ ಕೇಳಿದ್ದೀರಿ.

ನ್ಯೂಯಾರ್ಕ್ ನಗರದಿಂದ ಸುಮಾರು 150 ಕಿ.ಮೀ. ದೂರದ ಕ್ಯಾಟ್‌ಸ್ಕಿಲ್ ಗುಡ್ಡಗಳಲ್ಲಿ ಈ ಹೋಟೆಲುಗಳು ಬೆಳೆದದ್ದಕ್ಕೆ, ಬೇರೆಡೆಯ ಎಷ್ಟೋ ವಿಶ್ರಾಂತಿಧಾಮಗಳು ಯಹೂದಿಗಳಿಗೆ ಕೋಣೆ ಕೊಡದಿದ್ದುದು ಒಂದು ದೊಡ್ಡ ಕಾರಣ. ಪೂರ್ವ ಯುರೋಪಿನಿಂದ ಬಂದವರ ಮೆಚ್ಚಿನ ಬೀಟ್‌ರೂಟ್ ಸಾರು ‘ಬೋರ್ಷ್ಟ್’ನಿಂದಾಗಿ ಆ ಸೀಮೆಗೇ ‘ಬೋರ್ಷ್ಟ್ ಬೆಲ್ಟ್’ ಎಂಬ ಅಡ್ಡಹೆಸರು ಬಂತು. ಗ್ರಾಸಿಂಗರ್ ಕುಟುಂಬ 1914ರಲ್ಲಿ ಅತಿಥಿಗಳಿಗೆ ತೆರೆದ ತೋಟದ ಮನೆ, ಎರಡನೆಯ ಮಹಾಯುದ್ಧದ ನಂತರ ಸ್ವಂತ ವಿಮಾನಪಟ್ಟಿಯುಳ್ಳ ಭಾರೀ ಹೋಟೆಲಾಗಿತ್ತು.

ಕೋಣೆ, ಮೂರು ಹೊತ್ತಿನ ಊಟ, ರಾತ್ರಿಯ ಪ್ರದರ್ಶನ ಎಲ್ಲವೂ ಒಂದೇ ಲೆಕ್ಕದಲ್ಲಿ ಸೇರಿರುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಪಾಠಶಾಲೆ ಇರುವುದು ಇಲ್ಲಿಯೇ: ಟಿಕೆಟ್ಟಿಗೆ ಹಣ ತೆತ್ತವರು ರುಚಿಸದಿದ್ದರೂ ಕೂರುತ್ತಾರೆ, ಬೇರೆ ದುಡ್ಡು ಕೊಡದವರು ಎದ್ದು ಇಸ್ಪೀಟಿಗೆ ಹೋಗುತ್ತಾರೆ; ಅಂಥವರನ್ನು ಹಿಡಿದು ಕೂರಿಸುವುದನ್ನು ಹಾಸ್ಯಗಾರ ಕಲಿಯಲೇಬೇಕಿತ್ತು. ಮಳೆ ಹಿಡಿದ ದಿನ ಅತಿಥಿಗಳು ಬೇಸತ್ತು ಗಂಟುಮೂಟೆ ಕಟ್ಟದಂತೆ ನೋಡಿಕೊಳ್ಳಲು ‘ಟಮ್ಲರ್’ ಎಂಬವನಿರುತ್ತಿದ್ದ. ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿದ್ದಿಷ್ ಭಾಷೆಯಲ್ಲಿ ಗದ್ದಲವೆಬ್ಬಿಸುವವನು ಎಂದರ್ಥ. ಹುಡುಗನಾಗಿದ್ದಾಗ ಈ ಕೆಲಸ ಮಾಡಿ, ಮುಂದೆ ಹಾಸ್ಯಚಿತ್ರಗಳ ನಿರ್ದೇಶಕರಾಗಿ ಹೆಸರಾದ ಮೆಲ್ ಬ್ರೂಕ್ಸ್, ಬೇಸಿಗೆಯಲ್ಲಿ ದಪ್ಪ ಕೋಟು ತೊಟ್ಟು, ಕಲ್ಲು ತುಂಬಿದ ಎರಡು ಪೆಟ್ಟಿಗೆ ಹಿಡಿದು, ವ್ಯಾಪಾರ ಬಿದ್ದುಹೋಯಿತೆಂದು ಗೋಳಾಡುತ್ತ ಈಜುಕೊಳಕ್ಕೆ ಹಾರುತ್ತಿದ್ದುದನ್ನು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ.

ಯುದ್ಧಾನಂತರ ಹಾಸ್ಯಗಾರರು ಶನಿವಾರ ರಾತ್ರಿ ಒಂದು ಹೋಟೆಲಿನಲ್ಲಿ ಆಟ ಮುಗಿಸಿ, ಕಾರು ಹತ್ತಿ ಮತ್ತೊಂದಕ್ಕೆ ಓಡುತ್ತಿದ್ದರು. ಕತೆ ಇಂಗ್ಲಿಷಿನಲ್ಲಿ ಸಾಗಿ ಕೊನೆಯ ಮಾತು ಮಾತ್ರ ಯಿದ್ದಿಷಿಗೆ ತಿರುಗಿದಾಗ ಹಿರಿಯರು ನಗುತ್ತಿದ್ದರು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಅರ್ಥ ಕೇಳುತ್ತಿದ್ದರು. ಇದೇ ಗುಡ್ಡಗಳಲ್ಲಿ ಪಳಗಿದ ಸಿಡ್ ಸೀಸರ್ 1950ರಲ್ಲಿ ಟಿ.ವಿ.ಯಲ್ಲಿ ವಾರವಾರವೂ ನೇರ ಪ್ರಸಾರದ ಹಾಸ್ಯ ನಡೆಸಿಕೊಡತೊಡಗಿದಾಗ, ಬರಹಗಾರರಲ್ಲಿ ಬ್ರೂಕ್ಸ್ ಕೂಡ ಒಬ್ಬರಾಗಿದ್ದರು.

ಟಿ.ವಿ.ಯ ಪೆಟ್ಟು ನಿಜ. ಆದರೆ ಅಗ್ಗದ ವಿಮಾನಯಾನ ಹಾಗೂ ನಗರದ ಮನೆಗಳಿಗೆ ಬಂದ ಏರ್ ಕಂಡೀಷನರ್ ಕೂಡ ಅಷ್ಟೇ ಹೊಡೆತ ಕೊಟ್ಟವು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದೆ ಯಹೂದಿಗಳನ್ನು ಹೊರಗಿಟ್ಟಿದ್ದ ಹೋಟೆಲುಗಳು ಬಾಗಿಲು ತೆರೆದವು. ಗ್ರಾಸಿಂಗರ್ 1986ರಲ್ಲಿ, ಅದರ ಪ್ರತಿಸ್ಪರ್ಧಿ ಕಾಂಕಾರ್ಡ್ 1998ರಲ್ಲಿ ಬಾಗಿಲು ಮುಚ್ಚಿದವು.

— ಸಂ.